ಚಂದ್ರನ ಗಾಡಿಯ ಪರೀಕ್ಷೆ ಮತ್ತು ಬಳ್ಳಾರಿಯ ಲೆಕ್ಕಪುಸ್ತಕ

2023ರ ಆಗಸ್ಟ್ 23ರಂದು ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ‘ವಿಕ್ರಮ್’ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವ ಪ್ರದೇಶದ ಸಮೀಪ ಇಳಿದುದೂ, ಅದರ ಒಡಲಿನಿಂದ ‘ಪ್ರಜ್ಞಾನ್’ ಎಂಬ ಆರು ಚಕ್ರಗಳ ರೋವರ್ ಹೊರಬಂದುದೂ ಸರ್ವವಿದಿತ. 26 ಕಿಲೋಗ್ರಾಂ ತೂಕದ ಆ ಪುಟ್ಟ ಗಾಡಿ ಸೆಕೆಂಡಿಗೆ 1 ಸೆಂಟಿಮೀಟರ್ ವೇಗದಲ್ಲಿ ಚಲಿಸಿ, ಸೆಪ್ಟೆಂಬರ್ 2ರಂದು ಅದನ್ನು ನಿದ್ರಾವಸ್ಥೆಗೆ ಕಳುಹಿಸುವ ಹೊತ್ತಿಗೆ ಕ್ರಮಿಸಿದ್ದ ದೂರ 100 ಮೀಟರಿಗಿಂತ ಸ್ವಲ್ಪ ಹೆಚ್ಚು. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಅಷ್ಟು ದೂರವನ್ನು ಗಿರಾಕಿಯೊಬ್ಬ ಎರಡು ನಿಮಿಷದಲ್ಲಿ ನಡೆದುಬಿಡುತ್ತಾನೆ. ಆ ನೂರು ಮೀಟರುಗಳಿಗಾಗಿ ನಡೆದ ಸಿದ್ಧತೆ ಮಾತ್ರ ಹಲವು ವರ್ಷಗಳದು.

ಈ ಸಿದ್ಧತೆಯ ಕಥೆಯನ್ನು ವಿಜ್ಞಾನದ ವಿಷಯವೆಂದು ಬದಿಗಿಡುವ ಅಭ್ಯಾಸ ವರ್ತಕ ಹಾಗೂ ಸಣ್ಣ ಉದ್ದಿಮೆದಾರರ ವಲಯದಲ್ಲಿದೆ. ರಾಕೆಟ್ಟು ಸರಕಾರದ್ದು, ವಿಜ್ಞಾನಿಗಳು ಬೆಂಗಳೂರಿನವರು, ಸಿರುಗುಪ್ಪದ ವೆಲ್ಡಿಂಗ್ ಅಂಗಡಿಗೂ ಕುರುಗೋಡಿನ ಲೇತ್ ಅಂಗಡಿಗೂ ಇದರಿಂದ ಆಗಬೇಕಾದುದೇನು ಎಂಬುದು ಸಹಜ ಪ್ರಶ್ನೆ. ಆದರೆ ರೋವರ್ ಒಂದನ್ನು ದೂರದ ನೆಲದಲ್ಲಿ ಪರೀಕ್ಷೆಗೆ ಅಣಿಗೊಳಿಸುವ ಕೆಲಸವನ್ನು ಬಿಡಿಸಿ ನೋಡಿದರೆ ಅಲ್ಲಿ ಕಾಣುವುದು ಬಹುಮಟ್ಟಿಗೆ ಅಂಗಡಿ ಮತ್ತು ಕಾರ್ಖಾನೆಯ ಮಾತು: ಕಲ್ಲು, ಪುಡಿ, ತೂಕ, ಪೆಟ್ಟಿಗೆ, ಬಿಡಿಭಾಗ, ಚಲನ್, ಬಾಡಿಗೆ. ಅದರ ಹಿಂದೆ ಒಂದು ಮೂಲತತ್ತ್ವವೂ ಇದೆ. ಬಳ್ಳಾರಿ ಜಿಲ್ಲೆಯ ಸಣ್ಣ ತಯಾರಕರ ಲಾಭ-ನಷ್ಟ ಪತ್ರಿಕೆಯಲ್ಲಿ ವರ್ಷವರ್ಷವೂ ಹಣ ಸೋರುತ್ತಿರುವುದು ಆ ತತ್ತ್ವದ ಅಭಾವದಿಂದಲೇ.

ಸೇಲಂನ ಕಲ್ಲು, ಚಳ್ಳಕೆರೆಯ ಗುಳಿ

ಮೊದಲಿಗೆ ನೆಲದ ಪ್ರಶ್ನೆ. ಚಂದ್ರನ ಮೇಲಿನ ಮಣ್ಣು ಭೂಮಿಯ ಮಣ್ಣಿನಂತಿಲ್ಲ. ಅದು ಬಂಡೆ ಒಡೆದು ಆದ, ಚೂಪು ಅಂಚುಗಳ ನುಣ್ಣನೆಯ ಪುಡಿ. ಚಕ್ರ ಅದರಲ್ಲಿ ಹೂತುಹೋಗುವುದೋ ಮುಂದೆ ಸಾಗುವುದೋ ಎಂಬುದನ್ನು ತಿಳಿಯಬೇಕಾದರೆ ಅಂಥದೇ ಪುಡಿ ಬೇಕು, ಅದೂ ಹತ್ತಾರು ಟನ್ನುಗಳಷ್ಟು. ಅಮೆರಿಕದಿಂದ ತರಿಸಿದರೆ ಕಿಲೋಗ್ರಾಮಿಗೆ ಸುಮಾರು 150 ಡಾಲರ್ ತೆರಬೇಕಾಗಿತ್ತೆಂದು ಬೆಂಗಳೂರಿನ ಉಪಗ್ರಹ ಕೇಂದ್ರದ ನಿರ್ದೇಶಕರಾಗಿದ್ದ ಮೈಲಸ್ವಾಮಿ ಅಣ್ಣಾದುರೈ ಪತ್ರಿಕೆಗಳಿಗೆ ತಿಳಿಸಿದ್ದರು. 60 ಟನ್ನಿಗೆ ಆ ದರ ಹಾಕಿದರೆ 90 ಲಕ್ಷ ಡಾಲರ್ ಆಗುತ್ತದೆ.

ಪರ್ಯಾಯ ದೊರೆತದ್ದು ತಮಿಳುನಾಡಿನ ಸೇಲಂ–ನಾಮಕ್ಕಲ್ ಸೀಮೆಯ ಸಿತ್ತಂಪೂಂಡಿ ಮತ್ತು ಕುನ್ನಮಲೈ ಎಂಬ ಹಳ್ಳಿಗಳಲ್ಲಿ. ಅಲ್ಲಿರುವ ಅನಾರ್ಥೊಸೈಟ್ ಎಂಬ ಬಿಳಿಛಾಯೆಯ ಕಲ್ಲು ಚಂದ್ರನ ಎತ್ತರದ ಪ್ರದೇಶಗಳ ಶಿಲೆಯನ್ನು ಹೋಲುತ್ತದೆ. ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯ, ತಿರುಚ್ಚಿಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಇದರಲ್ಲಿ ಕೈಜೋಡಿಸಿದರು. ಕಲ್ಲನ್ನು ಬೇಕಾದ ಗಾತ್ರಕ್ಕೆ ಪುಡಿಮಾಡಿದ್ದು ಮಾತ್ರ ವಿಶ್ವವಿದ್ಯಾಲಯವಲ್ಲ, ವ್ಯಾಪಾರಿ ಕ್ರಷರ್‌ಗಳು. ಬಳ್ಳಾರಿ ಜಿಲ್ಲೆಯಲ್ಲಿ ಜಲ್ಲಿ ಕ್ರಷರ್ ನಡೆಸುವವರು ಈ ವಾಕ್ಯದ ಬಳಿ ಒಂದು ಕ್ಷಣ ನಿಲ್ಲುವುದು ಉಚಿತ. ರಸ್ತೆಗೆ 20 ಎಂ.ಎಂ. ಜಲ್ಲಿ ಕೊಡುವ ಯಂತ್ರದ ಮಾಲೀಕನಿಗೂ ಚಂದ್ರಯಾನಕ್ಕೂ ನಡುವೆ ಇದ್ದ ಅಂತರ ಒಂದೇ: ಹೇಳಿದ ಗಾತ್ರ, ಹೇಳಿದ ಪ್ರಮಾಣದಲ್ಲಿ, ಬೇರೆ ಕಲ್ಲಿನ ಬೆರಕೆಯಿಲ್ಲದೆ ಕೊಡುವುದು. ಈ ಮಣ್ಣಿನ ತಯಾರಿಕಾ ವಿಧಾನಕ್ಕೆ 2020ರ ಮೇ ತಿಂಗಳಿನಲ್ಲಿ ಪೇಟೆಂಟ್ ದೊರೆಯಿತು.

ಬೆಂಗಳೂರಿನ ಮಾರತಹಳ್ಳಿ ಬಳಿಯ ಇಸ್ರೋ ಆವರಣದಲ್ಲಿ ಈ ಮಣ್ಣನ್ನು ಹರಡಿ ರೋವರನ್ನು ಓಡಿಸಿದರು. ಚಂದ್ರನ ಗುರುತ್ವ ಭೂಮಿಯ ಆರನೇ ಒಂದು ಪಾಲು. ಆದುದರಿಂದ 26 ಕಿಲೋ ಗಾಡಿ ಅಲ್ಲಿ ನೆಲದ ಮೇಲೆ ಊರುವುದು ಇಲ್ಲಿನ ನಾಲ್ಕು ಕಿಲೋ ಚಿಲ್ಲರೆ ವಸ್ತುವಿನಷ್ಟು ಮಾತ್ರ. ಉಳಿದ ಭಾರವನ್ನು ಹೀಲಿಯಂ ಬಲೂನಿನ ನೆರವಿನಿಂದ ಮೇಲಕ್ಕೆಳೆದು ಹಿಡಿದು, ದೀಪಗಳಿಂದ ಬಿಸಿಲಿನ ಓರೆಯನ್ನು ಕೃತಕವಾಗಿ ಸೃಷ್ಟಿಸಿ ಚಕ್ರದ ಹಿಡಿತವನ್ನು ಅಳೆದರು.

ಲ್ಯಾಂಡರಿನ ಪರೀಕ್ಷೆಗೆ ಆವರಣ ಸಾಲದು, ಬಯಲು ಬೇಕು. ಆ ಬಯಲು ದೊರೆತದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ. ಅಲ್ಲಿ ಚಂದ್ರನ ಗುಳಿಗಳನ್ನು ಹೋಲುವ ಗುಳಿಗಳನ್ನು ತೋಡಿ, ಮೇಲಿನಿಂದ ಹಾರುವ ವಿಮಾನದಲ್ಲಿ ಲ್ಯಾಂಡರಿನ ಸಂವೇದಕಗಳನ್ನಿರಿಸಿ, ಅವು ಗುಳಿಯನ್ನು ಗುಳಿಯೆಂದೇ ಗುರುತಿಸುತ್ತವೆಯೇ ಎಂದು ಪರೀಕ್ಷಿಸಲಾಯಿತು. ಚಂದ್ರಯಾನ-3ಕ್ಕಾಗಿ ಹೊಸದಾಗಿ ಗುಳಿ ತೋಡಿಸಲು 2020ರಲ್ಲಿ ಕರೆಯಲಾದ ಸಿವಿಲ್ ಕಾಮಗಾರಿಯ ಅಂದಾಜು ಮೊತ್ತ, ಪತ್ರಿಕಾ ವರದಿಗಳ ಪ್ರಕಾರ, ಸುಮಾರು 24 ಲಕ್ಷ ರೂಪಾಯಿ. ಗುಳಿಯ ಅಡ್ಡಳತೆ 10 ಮೀಟರ್, ಆಳ 3 ಮೀಟರ್. ಬಳ್ಳಾರಿಯ ಗುತ್ತಿಗೆದಾರರಿಗೆ ಇದು ಕೃಷಿಹೊಂಡದ ಅಣ್ಣನಷ್ಟೇ. ಚಳ್ಳಕೆರೆಗೂ ಬಳ್ಳಾರಿ, ಸಿರುಗುಪ್ಪಗಳಿಗೂ ಒಂದೇ ರಾಷ್ಟ್ರೀಯ ಹೆದ್ದಾರಿ, 150ಎ. ಅದೇ ಚಳ್ಳಕೆರೆ ಸೀಮೆಯಿಂದ ಇಳಿದು ಬರುವ ವೇದಾವತಿ, ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿಯ ಪಕ್ಕ ಹರಿದು ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಒಂದೇ ರಸ್ತೆ, ಒಂದೇ ನದಿ. ಆದರೂ ಆ ಟೆಂಡರಿನ ಸುದ್ದಿ ಇತ್ತ ಚರ್ಚೆಗೂ ಬಂದಂತಿಲ್ಲ.

ತಯಾರಕ ಹತ್ತಿರವಿರಬಾರದು

ಈಗ ಮೂಲತತ್ತ್ವಕ್ಕೆ ಬರಬಹುದು. ರೋವರಿನ ಕ್ಷೇತ್ರ ಪರೀಕ್ಷೆಯಲ್ಲಿ ಒಂದು ವಿಚಿತ್ರ ಕಟ್ಟುಪಾಡಿದೆ. ಗಾಡಿಯನ್ನು ನಡೆಸುವವರು ಅದನ್ನು ಕಣ್ಣಾರೆ ಕಾಣಕೂಡದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 1997ರಲ್ಲಿ ‘ನೋಮ್ಯಾಡ್’ ಎಂಬ ರೋವರನ್ನು ಚಿಲಿ ದೇಶದ ಅಟಕಾಮಾ ಮರುಭೂಮಿಗೆ ಒಯ್ದು 200 ಕಿಲೋಮೀಟರಿಗೂ ಹೆಚ್ಚು ದೂರ ಓಡಿಸಿದರು. ಅದಕ್ಕೆ ಆದೇಶ ಕೊಡುತ್ತಿದ್ದವರು ಕುಳಿತಿದ್ದದ್ದು ಸಾವಿರಾರು ಕಿಲೋಮೀಟರ್ ದೂರದ ಅಮೆರಿಕದಲ್ಲಿ. ಮರುಭೂಮಿಯ ಡೇರೆಯಲ್ಲಿದ್ದ ತಂಡ ಇಂಧನ, ನೀರು, ರಿಪೇರಿಗಳನ್ನು ನೋಡಿಕೊಳ್ಳಬಹುದಿತ್ತು. ಗಾಡಿಗೆ ದಾರಿ ತೋರಿಸುವುದು ಅವರ ಕೆಲಸವಾಗಿರಲಿಲ್ಲ.

ಕಾರಣ ಸರಳ. ಯಂತ್ರ ಮಾಡಿದವನಿಗೆ ಅದರ ಸದ್ದು ಗೊತ್ತು, ವಾಸನೆ ಗೊತ್ತು. ಬೆಲ್ಟು ಜಾರುವ ಮೊದಲೇ ಅವನ ಕೈ ಅಲ್ಲಿಗೆ ಹೋಗುತ್ತದೆ. ಅವನು ಪಕ್ಕದಲ್ಲಿದ್ದಷ್ಟು ಹೊತ್ತು ಯಂತ್ರದ ದೋಷ ಹೊರಬೀಳುವುದಿಲ್ಲ, ಅವನ ಜಾಣ್ಮೆಯ ಅಡಿಯಲ್ಲಿ ಅದು ಮುಚ್ಚಿಹೋಗುತ್ತದೆ. ಚಂದ್ರನ ಮೇಲೆ ಆ ಕೈ ಇರುವುದಿಲ್ಲ. ಆದುದರಿಂದ ಸಿದ್ಧತೆಯೆಂದರೆ, ತಯಾರಕನ ಗೈರುಹಾಜರಿಗೆ ಯಂತ್ರವನ್ನು ಅಣಿಗೊಳಿಸುವುದು. ಅಲ್ಲಿ ಏನೇನು ಕೆಡಬಹುದೆಂದು ಇಲ್ಲಿಯೇ ಪಟ್ಟಿ ಮಾಡಿ, ಕೆಡಿಸಿ ನೋಡಿ, ಕೆಟ್ಟಾಗ ಏನು ಮಾಡಬೇಕೆಂಬುದನ್ನು ಯಂತ್ರದೊಳಗೋ ಕೈಪಿಡಿಯೊಳಗೋ ಬರೆದಿಡುವುದು.

ಇಸ್ರೋ ಈ ಪಾಠಕ್ಕೆ ದುಬಾರಿ ಬೆಲೆ ತೆತ್ತಿದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿತು. ಅದರೊಳಗಿದ್ದ ರೋವರ್ ಒಂದು ಅಂಗುಲವೂ ಚಲಿಸದೆ ನಾಶವಾಯಿತು. ಮುಂದಿನ ಯಾನಕ್ಕೆ ‘ಯಶಸ್ಸಿನ ಆಧಾರದ ವಿನ್ಯಾಸ’ವನ್ನು ಬಿಟ್ಟು ‘ವೈಫಲ್ಯದ ಆಧಾರದ ವಿನ್ಯಾಸ’ವನ್ನು ಅನುಸರಿಸಲಾಯಿತೆಂದು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದ್ದರು. ಕಾಲುಗಳನ್ನು ಬಲಪಡಿಸಲಾಯಿತು; ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ ಕಿಲೋಮೀಟರುಗಳ ವಿಸ್ತಾರಕ್ಕೆ ಹಿಗ್ಗಿಸಲಾಯಿತು. ರೋವರಿಗೂ ಇದೇ ಶಿಸ್ತು ಅನ್ವಯಿಸಿತು. ಅದರ ಕ್ಯಾಮರಾ ಚಿತ್ರಗಳಿಂದ ನೆಲದ ಉಬ್ಬುತಗ್ಗನ್ನು ಲೆಕ್ಕಹಾಕಿ ಒಂದು ಆದೇಶಕ್ಕೆ ಹೆಚ್ಚೆಂದರೆ 5 ಮೀಟರ್ ಮಾತ್ರ ನಡೆಸುವ ಕ್ರಮವನ್ನು ಪಾಲಿಸಲಾಯಿತು. ಆಗಸ್ಟ್ 27ರಂದು 4 ಮೀಟರ್ ಅಗಲದ ಗುಳಿಯೊಂದು 3 ಮೀಟರ್ ಮುಂದೆ ಕಂಡಾಗ ಗಾಡಿಯನ್ನು ಹಿಂದಕ್ಕೆ ತಿರುಗಿಸಲು ಸಾಧ್ಯವಾದುದು ಈ ತಾಳ್ಮೆಯಿಂದಲೇ. ಗಂಧಕದ ಇರುವಿಕೆಯನ್ನು ನೇರ ಅಳತೆಯಿಂದ ಖಚಿತಪಡಿಸಿದ ಪ್ರಕಟಣೆ ಅದರ ಎರಡು ದಿನಗಳ ನಂತರ ಬಂತು. ಗಾಡಿ ಗುಳಿಗೆ ಬಿದ್ದಿದ್ದರೆ ಆ ಪ್ರಕಟಣೆ ಬರುವುದು ಅನುಮಾನವೇ ಇತ್ತು.

ಸಿರುಗುಪ್ಪದಲ್ಲಿ ಮಾರಾಟವಾದ ಯಂತ್ರ

ಸಿರುಗುಪ್ಪದ ಭತ್ತ ಸ್ವಚ್ಛಗೊಳಿಸುವ ಯಂತ್ರವಾಗಲಿ, ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಕ್ಕೆ ಸರಬರಾಜಾಗುವ ಡ್ರಮ್ಮಾಗಲಿ, ಕುರುಗೋಡಿನ ಒಣಭೂಮಿಯಲ್ಲಿ ಬಳಕೆಯಾಗುವ ಮೆಣಸಿನಕಾಯಿ ಒಕ್ಕಣೆ ಸಲಕರಣೆಯಾಗಲಿ, ಅಂಗಡಿಯಿಂದ ಹೊರಬಿದ್ದ ಕ್ಷಣದಿಂದ ತಯಾರಕನಿಗೆ ಅದು ದೂರದ ನೆಲದಲ್ಲಿರುವ ಯಂತ್ರವೇ. ಆದರೆ ರೂಢಿಯಲ್ಲಿರುವ ಪರೀಕ್ಷೆ ಎಂಥದು? ಅಂಗಡಿಯ ಮುಂದೆಯೇ ಮೋಟರು ಹಾಕಿ ಐದು ನಿಮಿಷ ತಿರುಗಿಸಿ, ತೆಂಗಿನಕಾಯಿ ಒಡೆದು ಲಾರಿಗೆ ಹೇರುವುದು. ಭತ್ತ ಹಾಕಿ ನೋಡುವುದಿಲ್ಲ, ಹಾಕಿದರೂ ಒಣಗಿದ ಒಳ್ಳೆಯ ಭತ್ತವನ್ನೇ ಹಾಕುವರು. ನಡೆಸುವವನು ಅದೇ ಅಂಗಡಿಯ ಮೇಸ್ತ್ರಿ. ಗಿರಾಕಿಯ ಊರಿನಲ್ಲಿ ಭತ್ತದಲ್ಲಿ ತೇವವಿರುತ್ತದೆ, ಹುಲ್ಲಿರುತ್ತದೆ, ವಿದ್ಯುತ್ ವೋಲ್ಟೇಜ್ ಏರಿಳಿಯುತ್ತದೆ, ನಡೆಸುವವನು ಹೊಸ ಕೂಲಿಯಾಳು.

ಆಮೇಲೆ ದೂರವಾಣಿ ಕರೆಗಳ ಸರಣಿ. ಮೇಸ್ತ್ರಿ ಬಸ್ಸು ಹತ್ತುತ್ತಾನೆ. ಈ ವೆಚ್ಚ ಲೆಕ್ಕಪುಸ್ತಕದಲ್ಲಿ ಎಲ್ಲಿ ಕೂರುತ್ತದೆ ಎಂದು ಹುಡುಕಿದರೆ ಕುತೂಹಲದ ಸಂಗತಿ ಬಯಲಾಗುತ್ತದೆ. ಬಸ್ಸಿನ ದರ ‘ಪ್ರಯಾಣ ವೆಚ್ಚ’ದಲ್ಲಿ, ಮೇಸ್ತ್ರಿಯ ಆ ದಿನದ ಕೂಲಿ ‘ಸಂಬಳ’ದಲ್ಲಿ, ಒಯ್ದ ಬೇರಿಂಗ್ ‘ಕಚ್ಚಾವಸ್ತು ಖರೀದಿ’ಯಲ್ಲಿ, ಗಿರಾಕಿ ತಡೆಹಿಡಿದ ಕೊನೆಯ ಕಂತು ‘ಬರಬೇಕಾದ ಬಾಕಿ’ಯಲ್ಲಿ, ಅದಕ್ಕಾಗಿ ತೆತ್ತ ಬಡ್ಡಿ ಬ್ಯಾಂಕಿನ ಓವರ್‌ಡ್ರಾಫ್ಟ್ ಖಾತೆಯಲ್ಲಿ. ಒಂದೇ ದೋಷದ ಬೆಲೆ ಐದು ಕಡೆ ಚದುರಿಹೋಗಿರುವುದರಿಂದ ಅದನ್ನು ಕೂಡಿಸಿ ನೋಡುವವರೇ ಇಲ್ಲ. ವರ್ಷಾಂತ್ಯದಲ್ಲಿ ‘ವಹಿವಾಟು ಚೆನ್ನಾಗಿತ್ತು, ಕೈಯಲ್ಲಿ ಏನೂ ಉಳಿಯಲಿಲ್ಲ’ ಎಂಬ ಮಾತು ಮಾತ್ರ ಉಳಿಯುತ್ತದೆ.

ಉದಾಹರಣೆಗೆ ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ಯಂತ್ರದ ಮಾರಾಟ ಬೆಲೆ 1,80,000 ರೂಪಾಯಿ. ಲಾಭ ಶೇಕಡ 12ರಂತೆ 21,600. ಮಾರಿದ ಮೇಲೆ ಮೇಸ್ತ್ರಿಯ ಮೂರು ಭೇಟಿ, ಬಾಡಿಗೆ, ಭತ್ತೆ, ಕೂಲಿ ಸೇರಿ ತಲಾ 3,000ದಂತೆ 9,000. ಬದಲಿ ಭಾಗಗಳು 4,000. ತಡೆದ ಕಂತು 20,000ಕ್ಕೆ ನಾಲ್ಕು ತಿಂಗಳ ಬಡ್ಡಿ, ವಾರ್ಷಿಕ ಶೇಕಡ 18ರಂತೆ, 1,200. ಒಟ್ಟು 14,200 ಹೋಗಿ ಉಳಿದದ್ದು 7,400. ಇದರ ಬದಲು ಎರಡು ದಿನ ತೇವದ ಭತ್ತ ಹಾಕಿ, ಹೊರಗಿನ ಆಳಿನಿಂದ ನಡೆಸಿ ನೋಡಲು 4,000 ಖರ್ಚಾಯಿತೆನ್ನಬಹುದು. ಅದರಿಂದ ಎರಡು ಭೇಟಿ ತಪ್ಪಿ, ಕಂತು ಸಕಾಲಕ್ಕೆ ಬಂದರೆ ಉಳಿಯುವುದು 10,600. ಬದಲಿ ಭಾಗಗಳ ಖರ್ಚು ಕಡಿಮೆಯಾಗುವುದೇ ಇಲ್ಲವೆಂದು ಹಿಡಿದರೂ ಯಂತ್ರವೊಂದಕ್ಕೆ 3,200 ರೂಪಾಯಿ ಹೆಚ್ಚು. ಇಂಥ ಮೂವತ್ತು ಯಂತ್ರ ಮಾರುವ ಅಂಗಡಿಗೆ ವರ್ಷಕ್ಕೆ 96,000 ರೂಪಾಯಿ; ಸಣ್ಣ ಅಂಗಡಿಯಲ್ಲಿ ಅದು ಒಬ್ಬ ಹುಡುಗನ ಹಲವು ತಿಂಗಳ ಸಂಬಳ.

ಲೆಕ್ಕಶಾಸ್ತ್ರದ ನಿಯಮಗಳೂ ಪರೀಕ್ಷೆಯನ್ನು ದಂಡದ ಖರ್ಚೆಂದು ಕಾಣುವುದಿಲ್ಲ. ಮಾರಾಟಕ್ಕೆಂದು ತಯಾರಾದ ಸರಕಿನ ವಾಡಿಕೆಯ ಪರೀಕ್ಷೆ ತಯಾರಿಕಾ ವೆಚ್ಚದ ಭಾಗವೇ. ಸ್ವಂತಕ್ಕೆ ಸ್ಥಾಪಿಸಿಕೊಂಡ ಯಂತ್ರ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಿದ ವೆಚ್ಚವನ್ನು ಲೆಕ್ಕಮಾನಕ 10ರ ಪ್ರಕಾರ ಆ ಆಸ್ತಿಯ ಬೆಲೆಗೇ ಸೇರಿಸಲಾಗುತ್ತದೆ. ಹೊಸ ವಿನ್ಯಾಸದ ಅಭಿವೃದ್ಧಿ ಹಂತದ ವೆಚ್ಚವನ್ನು, ಷರತ್ತುಗಳು ಪೂರೈಸಿದರೆ, ಲೆಕ್ಕಮಾನಕ 26ರಂತೆ ಅಮೂರ್ತ ಆಸ್ತಿಯಾಗಿ ತೋರಿಸಬಹುದು. ಸಂಶೋಧನಾ ಹಂತದ್ದು ಮಾತ್ರ ಆಯಾ ವರ್ಷದ ಖರ್ಚು. ಮಾರಾಟಾನಂತರದ ವಾರಂಟಿಗೆ ಮುಂಚಿತವಾಗಿ ಅವಕಾಶ ಕಲ್ಪಿಸುವುದು ಲೆಕ್ಕಮಾನಕ 29ರ ವಿಷಯ. ಯಾವ ದೋಷಕ್ಕೆ ಎಷ್ಟು ಹೋಯಿತೆಂಬ ದಾಖಲೆಯೇ ಇಲ್ಲದ ಅಂಗಡಿಯಲ್ಲಿ ಆ ಅವಕಾಶದ ಅಂಕಿಯನ್ನು ಊಹೆಯಿಂದ ಬರೆಯಬೇಕಾಗುತ್ತದೆ. ಊಹೆಯನ್ನು ತೆರಿಗೆ ಅಧಿಕಾರಿ ಒಪ್ಪುವುದಿಲ್ಲ.

ಪರೀಕ್ಷೆಗೆಂದು ಸರಕು ಸಾಗಿಸುವಾಗಿನ ಕಾಗದಪತ್ರದ ಬಗ್ಗೆಯೂ ಅನಗತ್ಯ ಭಯವಿದೆ. ಮಾರಾಟವಲ್ಲದ ಉದ್ದೇಶಕ್ಕೆ ಸರಕು ಹೊರಡುವಾಗ ಇನ್‌ವಾಯ್ಸ್ ಬದಲು ಡೆಲಿವರಿ ಚಲನ್ ಸಾಕು. ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಇದಕ್ಕಿಂತ ಹೆಚ್ಚಿನ ಗೂಢವೇನೂ ಅದರಲ್ಲಿಲ್ಲ.

ಕೇಜ್ ವೀಲಿನ ವಿದ್ಯೆ

ಜಿಲ್ಲೆಯಲ್ಲಿ ಇಂಥ ಪರೀಕ್ಷೆಗೆ ಬೇಕಾದ ತಿಳಿವಳಿಕೆ ಇಲ್ಲವೆನ್ನುವಂತಿಲ್ಲ. ತುಂಗಭದ್ರಾ ಕಾಲುವೆಯ ನೀರು ಬಂದಾಗ ಸಿರುಗುಪ್ಪ ಸುತ್ತಲಿನ ಕ್ಯಾಂಪುಗಳಲ್ಲಿ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ತೊಡಿಸಿ ಕೆಸರುಗದ್ದೆಗೆ ಇಳಿಸುತ್ತಾರೆ. ಪಟ್ಟಿಗಳ ಓರೆ ಎಷ್ಟಿರಬೇಕು, ಎಷ್ಟು ಅಂತರದಲ್ಲಿರಬೇಕು, ಎರೆಮಣ್ಣು ನಡುವೆ ಕಚ್ಚಿಕೊಂಡು ಚಕ್ರವೇ ಮಣ್ಣಿನ ಉಂಡೆಯಾಗದಂತೆ ಹೇಗೆ ತಡೆಯಬೇಕು ಎಂಬುದನ್ನು ಅಲ್ಲಿನ ವೆಲ್ಡಿಂಗ್ ಅಂಗಡಿಯವರು ಪುಸ್ತಕ ಓದಿ ಕಲಿತವರಲ್ಲ. ಚಕ್ರ ಮತ್ತು ಮಣ್ಣಿನ ಈ ಸಂಬಂಧವೇ ಪಶ್ಚಿಮದಲ್ಲಿ ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯಿತು. ಅದರ ಆದ್ಯರಲ್ಲೊಬ್ಬರಾದ ಪೋಲೆಂಡ್ ಮೂಲದ ಎಂಜಿನಿಯರ್ ಎಂ.ಜಿ. ಬೆಕ್ಕರ್, 1971ರಲ್ಲಿ ಅಪೊಲೊ-15ರೊಡನೆ ಚಂದ್ರನ ಮೇಲೆ ಓಡಿದ ವಾಹನದ ವಿನ್ಯಾಸದಲ್ಲಿ ಪಾಲ್ಗೊಂಡವರು. ಆ ವಾಹನಕ್ಕೆ ರಬ್ಬರ್ ಟೈರ್ ಇರಲಿಲ್ಲ. ಉಕ್ಕಿನ ತಂತಿಯ ಹೆಣಿಗೆಯ ಚಕ್ರಗಳಿದ್ದವು.

ಮಣ್ಣಿನ ವೈವಿಧ್ಯಕ್ಕೂ ಕೊರತೆಯಿಲ್ಲ. ಬಳ್ಳಾರಿ, ಸಿರುಗುಪ್ಪಗಳ ಎರೆಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು, ಮಳೆ ಬಂದರೆ ಜಿಗುಟಾಗುತ್ತದೆ. ಕುರುಗೋಡಿನ ಸುತ್ತ ಬಂಡೆಗುಂಡುಗಳ ಗುಡ್ಡಗಳಿವೆ. ಹಗರಿಯಲ್ಲಿ ಮರಳಿದೆ, ಸಂಡೂರಿನಲ್ಲಿ ಕೆಂಪು ಹೆಮಟೈಟ್ ಇದೆ. 2004ರಲ್ಲಿ ಮಂಗಳ ಗ್ರಹಕ್ಕಿಳಿದ ‘ಆಪರ್ಚುನಿಟಿ’ ರೋವರ್ ಅಲ್ಲಿ ಕಂಡ ಸಣ್ಣ ಗುಂಡುಗಳಲ್ಲಿ ಇದ್ದದ್ದೂ ಹೆಮಟೈಟೇ ಎಂಬುದನ್ನು ಅದಿರು ವ್ಯಾಪಾರಿಗಳು ಕೇಳಿ ಸಂತೋಷಪಡಬಹುದು. ಅದೇ ರೋವರ್ 2005ರ ಏಪ್ರಿಲ್‌ನಲ್ಲಿ ಮರಳ ದಿಬ್ಬದಲ್ಲಿ ಹೂತುಹೋದಾಗ, ಕ್ಯಾಲಿಫೋರ್ನಿಯಾದ ತಂಡ ಮರಳು, ಜೇಡಿ ಮುಂತಾದವನ್ನು ಬೆರೆಸಿ ಅಂಥದೇ ನೆಲವನ್ನು ಮಾಡಿ, ಜೋಡಿ ಗಾಡಿಯೊಂದನ್ನು ಅದರಲ್ಲಿ ಹೂತು, ಎಳೆದು ನೋಡಿ, ಐದು ವಾರಗಳ ನಂತರ ಅದನ್ನು ಬಿಡಿಸಿತು. ಬೆರೆಸಿದ ಮಣ್ಣು ಗಾಡಿಯ ಬೆಲೆಗೆ ಹೋಲಿಸಿದರೆ ಲೆಕ್ಕಕ್ಕೇ ಇಲ್ಲ.

ಹಾಗೆಂದು ಬಳ್ಳಾರಿಗೆ ಇಸ್ರೋ ಬರಲಿ ಎಂಬ ಬೇಡಿಕೆಯನ್ನು ಮುಂದಿಡುವುದು ಹಗಲುಗನಸು. ಚಂದ್ರನ ಬಿಳಿಕಲ್ಲು ಇಲ್ಲಿನದಲ್ಲ, ಬೇಕಾದ ಸೌಲಭ್ಯಗಳು ಚಳ್ಳಕೆರೆಯಲ್ಲಿ ಈಗಾಗಲೇ ಇವೆ. ಖಾಸಗಿ ಬಾಹ್ಯಾಕಾಶ ಸಾಹಸದ ಅಪಾಯವನ್ನೂ ಮರೆಯಲಾಗದು. ಬೆಂಗಳೂರಿನ ಟೀಮ್ ಇಂಡಸ್ ಸಂಸ್ಥೆ ಗೂಗಲ್ ಲೂನಾರ್ ಎಕ್ಸ್ ಪ್ರೈಜ್ ಸ್ಪರ್ಧೆಗಾಗಿ ಸಣ್ಣದೊಂದು ರೋವರನ್ನು ಕಟ್ಟಿ, 2015ರಲ್ಲಿ 10 ಲಕ್ಷ ಡಾಲರಿನ ಮಧ್ಯಂತರ ಬಹುಮಾನವನ್ನೂ ಗೆದ್ದಿತು. ಉಡಾವಣೆಗೆ ಬೇಕಾದ ಹಣ ಹೊಂದಿಸುವುದು ಕಷ್ಟವಾಗಿ 2018ರ ಜನವರಿಯಲ್ಲಿ ಒಪ್ಪಂದ ರದ್ದಾಯಿತು. ಸ್ಪರ್ಧೆಯೇ ವಿಜೇತರಿಲ್ಲದೆ ಮುಗಿಯಿತು. ಪ್ರತಿಭೆಯಿದ್ದರೂ ನಗದು ಹರಿವು ನಿಂತರೆ ಗಾಡಿ ನಿಲ್ಲುತ್ತದೆ.

ಟೊಟ್ಟೋರಿ ಮಾಡಿದ್ದು

ಅನುಸರಿಸಬಹುದಾದ ಮಾದರಿ ಜಪಾನಿನಲ್ಲಿದೆ. ಟೊಟ್ಟೋರಿ ಆ ದೇಶದಲ್ಲೇ ಅತಿ ಕಡಿಮೆ ಜನಸಂಖ್ಯೆಯ ಪ್ರಾಂತ. ಅಲ್ಲಿನವರ ಬಳಿ ಇದ್ದದ್ದು ಮರಳ ದಿಬ್ಬಗಳು ಮತ್ತು ಪ್ರವಾಸಿಗರ ಸಣ್ಣ ವ್ಯಾಪಾರ. ಎಕ್ಸ್ ಪ್ರೈಜ್ ಸ್ಪರ್ಧೆಯಲ್ಲೇ ಇದ್ದ ಜಪಾನಿನ ಹಕುಟೊ ತಂಡ 2016ರಲ್ಲಿ ತನ್ನ ರೋವರನ್ನು ಆ ದಿಬ್ಬಗಳ ಮೇಲೆ ಪರೀಕ್ಷಿಸಿತು. ಪ್ರಾಂತದ ಆಡಳಿತ ಅದನ್ನು ಒಂದು ದಿನದ ಸುದ್ದಿಯಾಗಿ ಬಿಡದೆ, 2023ರಲ್ಲಿ ಸಮತಟ್ಟು, ಇಳಿಜಾರು ಮತ್ತು ಬೇಕಾದಂತೆ ಅಗೆದುಕೊಳ್ಳುವ ಜಾಗಗಳುಳ್ಳ ಪರೀಕ್ಷಾ ಅಂಗಳವನ್ನು ತೆರೆಯಿತು. ದೊಡ್ಡ ಕಟ್ಟಡ ಕಟ್ಟಲಿಲ್ಲ; ಇದ್ದ ಮರಳನ್ನೇ ಕ್ರಮಪಡಿಸಿ ಬಳಕೆಗೆ ಕೊಟ್ಟಿತು.

ಬಳ್ಳಾರಿಯ ವಾಣಿಜ್ಯೋದ್ಯಮ ಸಂಸ್ಥೆ ಅಂಥದೊಂದು ಸಾಮಾನ್ಯ ಪರೀಕ್ಷಾ ಅಂಗಳವನ್ನು ಮುಂದೆ ನಿಂತು ಮಾಡಿಸಬೇಕು. ಎರಡು ಮೂರು ಎಕರೆ ಸಾಕು. ಎರೆಮಣ್ಣಿನ ಒಂದು ಪಾತಿ, ನೀರು ಕಟ್ಟಿ ಕೆಸರು ಮಾಡಬಹುದಾದ ಇನ್ನೊಂದು, ಮಸಾರಿ ಮಣ್ಣಿನ ಇಳಿಜಾರು, ಗುಂಡುಕಲ್ಲಿನ ಹಾದಿ, ಅನುಮತಿ ಪಡೆದು ತಂದ ಮರಳಿನ ಹಾಸು; ಒಂದು ತೂಕದ ಸೇತುವೆ, ವೋಲ್ಟೇಜನ್ನು ಬೇಕೆಂದೇ ಏರಿಳಿಸುವ ವಿದ್ಯುತ್ ಫಲಕ, ಧೂಳು ಹಾರಿಸುವ ಫ್ಯಾನಿನ ಕೋಣೆ. 1954ರಿಂದ ಬಳ್ಳಾರಿಯಲ್ಲಿರುವ ಕೇಂದ್ರ ಸರಕಾರದ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರಕ್ಕೆ ಎರೆಮಣ್ಣಿನ ಸ್ವಭಾವ ಚೆನ್ನಾಗಿ ಗೊತ್ತು. ಸಲಹೆ ಕೇಳಲು ದೂರ ಹೋಗಬೇಕಿಲ್ಲ. ನಗರದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅಲ್ಲಿ ತಮ್ಮ ರೋಬೋಟ್ ಗಾಡಿಗಳನ್ನು ಓಡಿಸಲಿ. 2024ರಲ್ಲಿ ಇಸ್ರೋದ ಬೆಂಗಳೂರು ಕೇಂದ್ರವೇ ವಿದ್ಯಾರ್ಥಿಗಳಿಗಾಗಿ ರೋವರ್ ಕಟ್ಟುವ ಸ್ಪರ್ಧೆ ನಡೆಸಿತ್ತು. ಆದರೆ ದಿನನಿತ್ಯದ ಬಾಡಿಗೆ ಬರಬೇಕಾದುದು ಬಿತ್ತನೆ ಕೂರಿಗೆ, ಔಷಧಿ ಸಿಂಪಡಣೆಯ ಗಾಡಿ, ಕೇಜ್ ವೀಲು, ಟ್ರೈಲರುಗಳ ಪರೀಕ್ಷೆಯಿಂದ. ನಿಯಮ ಒಂದೇ ಇರಲಿ: ಪರೀಕ್ಷೆಯ ದಿನ ತಯಾರಕನೂ ಅವನ ಮೇಸ್ತ್ರಿಯೂ ಬೇಲಿಯ ಹೊರಗಿರಬೇಕು, ಒಳಗೆ ನಡೆಸುವವನು ಅಪರಿಚಿತನಿರಬೇಕು, ಕೆಟ್ಟದ್ದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತಯಾರಕನಿಗೆ ಮಾತ್ರ ಕೊಡಬೇಕು.

ಆಕ್ಷೇಪಗಳಿಲ್ಲದಿಲ್ಲ. ಕುಡಿಯುವ ನೀರಿಗೆ ಪರದಾಡುವ ಹಳ್ಳಿಗಳಿರುವಾಗ ಮಣ್ಣಿನ ಪಾತಿಗೆ ಹಣವೇಕೆ ಎಂಬುದು ಮೊದಲನೆಯದು, ಅದು ನ್ಯಾಯವಾದದ್ದೂ ಹೌದು. ಗಣಿಬಾಧಿತ ಪ್ರದೇಶಗಳಿಗೆ ಮೀಸಲಾದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಲ್ಲಿ ನೀರು, ಆರೋಗ್ಯ, ಶಿಕ್ಷಣಗಳಿಗೆ ಮೊದಲ ಹಕ್ಕು. ಅದನ್ನು ಮುಟ್ಟುವ ಮಾತು ಬೇಡ. ಅಂಗಳದ ಆರಂಭಿಕ ವೆಚ್ಚವನ್ನು ಅದರಿಂದ ಲಾಭ ಪಡೆಯುವ ತಯಾರಕರೇ ಸದಸ್ಯತ್ವದ ರೂಪದಲ್ಲಿ ಹಾಕಬೇಕು. ನೂರು ಘಟಕಗಳು ತಲಾ 15,000 ಹಾಕಿದರೆ 15 ಲಕ್ಷವಾಗುತ್ತದೆ. ಮೇಲಿನ ಲೆಕ್ಕದಂತೆ ಐದು ಯಂತ್ರ ಮಾರುವಷ್ಟರಲ್ಲಿ ಆ ಹಣ ವಾಪಸಾಗುತ್ತದೆ. ಭೂಮಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ದೊಡ್ಡ ಸಂಸ್ಥೆಗಳಿಗೆ ಕೊಟ್ಟಾಗ ಕುರಿಗಾಹಿಗಳೂ ಸುತ್ತಲ ಹಳ್ಳಿಗರೂ ಮೇವಿನ ನೆಲ ಹೋಯಿತೆಂದು ವರ್ಷಗಟ್ಟಲೆ ಹೋರಾಡಿದರು. ಗೋಮಾಳದ ಒಂದು ಗುಂಟೆಯನ್ನೂ ಕೇಳದೆ, ಈಗಾಗಲೇ ಇರುವ ಕೈಗಾರಿಕಾ ವಸಾಹತುಗಳಲ್ಲಿ ಮುಚ್ಚಿಬಿದ್ದ ಘಟಕಗಳ ನಿವೇಶನವನ್ನು ಭೋಗ್ಯಕ್ಕೆ ಪಡೆಯುವುದು ಸರಿಯಾದ ಹಾದಿ.

ಇನ್ನೊಂದು ಆಕ್ಷೇಪ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿರುವಂಥದು: ದೋಷ ಬಯಲಾದರೆ ಪ್ರತಿಸ್ಪರ್ಧಿ ಅದನ್ನೇ ಊರೆಲ್ಲ ಸಾರುತ್ತಾನೆ. ವರದಿಯ ಗೋಪ್ಯತೆ ಕಾಯದಿದ್ದರೆ ಅಂಗಳ ಒಂದು ವರ್ಷವೂ ಬಾಳದು ಎಂಬುದು ನಿಜ. ಆದುದರಿಂದ ಅದರ ಉಸ್ತುವಾರಿ ತಯಾರಕರ ಕೈಯಲ್ಲಿರದೆ ಕಾಲೇಜಿನ ಕೈಯಲ್ಲಿರಬೇಕು.

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ, ಅದಿರಿನ ಲಾರಿಗಳನ್ನು ನಂಬಿದ್ದ ಗ್ಯಾರೇಜು, ಬಾಡಿ ಕಟ್ಟುವ ಅಂಗಡಿ, ಬಿಡಿಭಾಗದ ವ್ಯಾಪಾರಗಳು ತಿಂಗಳೊಪ್ಪತ್ತಿನಲ್ಲಿ ಕುಸಿದುದನ್ನು ಹಿರಿಯ ವರ್ತಕರು ಮರೆತಿರಲಾರರು. ಆ ಅಂಗಡಿಗಳಲ್ಲಿ ಕೈ ಪಳಗಿದ ಹುಡುಗರು ಬೆಂಗಳೂರು, ಹೈದರಾಬಾದುಗಳಿಗೆ ಹೋದರು. ಉಳಿದವರ ಕೈಕಸುಬು ಈಗ ಸಿರುಗುಪ್ಪದ ಕೇಜ್ ವೀಲಿನಲ್ಲಿ, ಕುರುಗೋಡಿನ ಸಲಕರಣೆಗಳಲ್ಲಿ, ಬಳ್ಳಾರಿಯ ಯಂತ್ರಗಳಲ್ಲಿ ಇದೆ. ಚಂದ್ರಯಾನ-4ಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿದೆ. ಜಪಾನಿನೊಡನೆ ಕೈಗೊಳ್ಳಲಿರುವ ಚಂದ್ರಯಾನ-5ರಲ್ಲಿ ಪ್ರಜ್ಞಾನ್‌ಗಿಂತ ಹಲವು ಪಟ್ಟು ಭಾರದ ರೋವರ್ ಹೋಗಲಿದೆ. ಅವುಗಳ ಪರೀಕ್ಷೆಗೂ ನೆಲ ಸಿದ್ಧಪಡಿಸುವ, ಕಲ್ಲು ಪುಡಿಮಾಡುವ, ಪೆಟ್ಟಿಗೆ ಕಟ್ಟುವ ಕೆಲಸಗಳು ಬೀಳುವುದು ಸಹಜ, ಟೆಂಡರ್ ಪ್ರಕಟಣೆಗಳು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿರುತ್ತವೆ. ವಾಣಿಜ್ಯೋದ್ಯಮ ಸಂಸ್ಥೆಯ ಕಚೇರಿಯಲ್ಲಿ ಒಬ್ಬ ಗುಮಾಸ್ತರಿಗೆ ವಾರಕ್ಕೊಮ್ಮೆ ಅವುಗಳನ್ನು ತೆರೆದು ನೋಡಿ, ಸಂಬಂಧಪಟ್ಟ ಸದಸ್ಯರಿಗೆ ದೂರವಾಣಿ ಮಾಡುವ ಕೆಲಸವನ್ನು ಈ ತಿಂಗಳೇ ವಹಿಸಬಹುದು. ಅದಕ್ಕೆ ಸರ್ವಸದಸ್ಯರ ಸಭೆಯ ನಿರ್ಣಯವೂ ಬೇಕಿಲ್ಲ.